ಕೈಟೋಸಾನ್–ಜೆಲಾಟಿನ್ ಸ್ಕ್ಯಾಫೋಲ್ಡ್ ನೀರಿಗೆ ಬಿದ್ದರೆ ಲೋಳೆ ಆಗುತ್ತಿದೆ. 300 ಮೈಕ್ರಾನ್ ರಂಧ್ರ ಬರಿಸುವುದು ಹೇಗೆ?

@ಲೋಳೆಪುಟ್ಟ (ಪ್ರಶ್ನೆ ಹಾಕಿದವರು)

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. ಮೂಳೆಯಲ್ಲಿ ಬಿದ್ದ ಖಾಲಿ ಜಾಗ ತುಂಬಲು ತೂತುತೂತಾದ ಸ್ಕ್ಯಾಫೋಲ್ಡ್ ಮಾಡುವುದು ನನ್ನ ಕೆಲಸ. ಜೀವಕೋಶಗಳು ಅದರೊಳಗೆ ಹೊಕ್ಕು ಮೂಳೆ ಕಟ್ಟಬೇಕು, ಅಷ್ಟರಲ್ಲಿ ಅದು ಮೆಲ್ಲಗೆ ಕರಗಿ ಹೋಗಬೇಕು.

ಮಾಡುತ್ತಿರುವುದು ಹೀಗೆ. ಶೇ. 1ರ ಅಸಿಟಿಕ್ ಆಸಿಡ್‌ನಲ್ಲಿ ಶೇ. 2 ಕೈಟೋಸಾನ್ (ಸಿಗಡಿ ಚಿಪ್ಪಿನಿಂದ ಬರುವ ಪಾಲಿಮರ್) ಕರಗಿಸುತ್ತೇನೆ. ಜೆಲಾಟಿನ್ ಬೇರೆ ಕರಗಿಸಿ ಬೆರೆಸುತ್ತೇನೆ. 24 ಗುಳಿಯ ಪ್ಲಾಸ್ಟಿಕ್ ಪ್ಲೇಟಿಗೆ ಸುರಿದು ರಾತ್ರಿಯಿಡೀ ಮೈನಸ್ 20 ಡಿಗ್ರಿಯಲ್ಲಿ ಇಟ್ಟು, ಬೆಳಿಗ್ಗೆ ಫ್ರೀಜ್ ಡ್ರೈಯರ್‌ಗೆ (ಹೆಪ್ಪುಗಟ್ಟಿದ್ದನ್ನು ಹಾಗೇ ನಿರ್ವಾತದಲ್ಲಿ ಒಣಗಿಸುವ ಯಂತ್ರ) ಹಾಕುತ್ತೇನೆ. ಹೊರಗೆ ಬಂದಾಗ ಬೆಳ್ಳಗೆ, ಹಗುರವಾಗಿ, ನೋಡಲು ಚೆನ್ನಾಗಿಯೇ ಇರುತ್ತದೆ.

ಆಮೇಲೆ ಶುರು. ಪಿಬಿಎಸ್‌ಗೆ (ಮೈಯ ದ್ರವವನ್ನು ಹೋಲುವ ಉಪ್ಪುನೀರು) ಹಾಕಿದರೆ ಸ್ವಲ್ಪ ಹೊತ್ತಿಗೆ ಲೋಳೆ. ಮೇಲುಗಡೆ ತೆಳು ಪದರ ಕಟ್ಟುತ್ತದೆ, ತೂತೇ ಇಲ್ಲದ ಹಾಗೆ. ಎಸ್‌ಇಎಮ್‌ನಲ್ಲಿ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಅಂಚಿನ ರಂಧ್ರ ಸಣ್ಣದು, ನಡುವಿನದು ದೊಡ್ಡದು. ಗೈಡ್ ಹೇಳಿದ್ದು ಒಂದೇ ಮಾತು: 300 ಮೈಕ್ರಾನ್ ಬೇಕು. ನನ್ನದು 100ರ ಆಸುಪಾಸು. ಇದೆಲ್ಲ ಬಿಟ್ಟು ಸುಮ್ನೆ ಉಪ್ಪಿನ ಕಾಳು ಬೆರೆಸಿ, ಆಮೇಲೆ ಅದನ್ನು ತೊಳೆದು ತೆಗೆದು ಆ ಜಾಗದಲ್ಲಿ ತೂತು ಬಿಡಿಸುವ ವಿಧಾನಕ್ಕೆ ಹೋಗಲಾ?

@ಅರ್ಧಕಪ್ಕಾಫಿ

ಮೊದಲು ಲೋಳೆ ವಿಷಯ. ಒಣಗಿದ್ದು ಕೈಟೋಸಾನ್ ಅಲ್ಲ, ಕೈಟೋಸಾನ್ ಅಸಿಟೇಟ್. ಆಸಿಡ್ ಪೂರ್ತಿ ಹಾರಿಹೋಗಿಲ್ಲ, ಉಪ್ಪಿನ ರೂಪದಲ್ಲಿ ಪಾಲಿಮರಿಗೆ ಅಂಟಿ ಕೂತಿದೆ. ಆ ಉಪ್ಪು ನೀರಲ್ಲಿ ಕರಗುತ್ತದೆ. ಹಾಗಾಗಿ ನೀರಿಗೆ ಹಾಕುವ ಮೊದಲು ಆಸಿಡ್ ತೆಗೆಯಬೇಕು.

ಎಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾ) ಹಾಕಿ ಅದರಲ್ಲಿ ಅದ್ದಿ. ಎಥನಾಲ್ ಇಲ್ಲದೆ ಬರೀ ನೀರಲ್ಲಿ ಕರಗಿಸಿದ ಸೋಡಾದಲ್ಲಿ ಅದ್ದಿದರೆ ಸೋಡಾ ಒಳಗೆ ತಲುಪುವ ಮೊದಲೇ ನಡುಭಾಗ ಉಬ್ಬಿ ರಂಧ್ರ ಕುಸಿಯುತ್ತದೆ. ಎಥನಾಲ್ ಜಾಸ್ತಿ ಇದ್ದರೆ ಆಕಾರ ಹಿಡಿದು ನಿಲ್ಲುತ್ತದೆ. ಆಮೇಲೆ ಎಥನಾಲ್ ಕಡಿಮೆ ಮಾಡುತ್ತಾ ನೀರಿಗೆ ಬನ್ನಿ. ತೊಳೆದ ನೀರಿನ ಪಿಎಚ್ 7ರ ಹತ್ತಿರ ಬರುವವರೆಗೆ ತೊಳೆಯಿರಿ. ಮತ್ತೊಮ್ಮೆ ಫ್ರೀಜ್ ಡ್ರೈ.

ಇದರಿಂದ ಕೈಟೋಸಾನ್ ಉಳಿಯುತ್ತದೆ. ಜೆಲಾಟಿನ್ ಉಳಿಯಲ್ಲ. 37 ಡಿಗ್ರಿಗೆ ಅದು ಕರಗುವ ವಸ್ತು, ಕ್ರಾಸ್‌ಲಿಂಕ್ ಮಾಡಲೇಬೇಕು, ಅಂದರೆ ಸರಪಳಿಗಳನ್ನು ಒಂದಕ್ಕೊಂದು ಬೆಸೆಯಬೇಕು. ಗ್ಲುಟರಾಲ್ಡಿಹೈಡ್ ಅಗ್ಗ, ಗಟ್ಟಿ. ಆದರೆ ಒಳಗೆ ಉಳಿದ ಚೂರು ಕೋಶಗಳನ್ನು ಕೊಲ್ಲುತ್ತದೆ. ಅದನ್ನು ಬಳಸಿದರೆ ಕೊನೆಗೆ ಗ್ಲೈಸಿನ್‌ನಲ್ಲಿ ಅದ್ದಿ ಉಳಿಕೆಯನ್ನು ಹಿಡಿದುಹಾಕಬೇಕು. ನನ್ನ ಆಯ್ಕೆ ಇಡಿಸಿ–ಎನ್‌ಎಚ್‌ಎಸ್ ಅನ್ನುವ ರಾಸಾಯನಿಕ ಜೋಡಿ. ಅದು ಸರಪಳಿಗಳ ಮೇಲಿನ ಎರಡು ರಾಸಾಯನಿಕ ಗುಂಪುಗಳನ್ನು ನೇರವಾಗಿ ಬೆಸೆದು ತಾನು ಹೊರಗೆ ಬಂದುಬಿಡುತ್ತದೆ, ತೊಳೆದರೆ ಹೋಗುತ್ತದೆ. ಗಾರ್ಡೇನಿಯಾ ಕಾಯಿಯಿಂದ ಬರುವ ಜೆನಿಪಿನ್ ಕೂಡ ಒಳ್ಳೆಯದೇ. ಆದರೆ ಸ್ಕ್ಯಾಫೋಲ್ಡ್ ಕಡುನೀಲಿ ಆಗುತ್ತದೆ, ಜೊತೆಗೆ ತಾನೇ ಹೊಳೆಯುತ್ತದೆ. ಫ್ಲೋರೆಸೆಂಟ್ ಮೈಕ್ರೋಸ್ಕೋಪಿನಲ್ಲಿ ಕೋಶ ಯಾವುದು, ಹಿನ್ನೆಲೆ ಯಾವುದು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

@ಶೀತಗಾಳಿ

ಅಂಚು–ನಡು ವ್ಯತ್ಯಾಸಕ್ಕೆ ಕಾರಣ ಪ್ಲೇಟ್. ಪಾಲಿಸ್ಟೈರೀನ್ ಶಾಖವನ್ನು ಸರಿಯಾಗಿ ಹರಿಯಲು ಬಿಡುವುದಿಲ್ಲ. ಒಂದೊಂದು ಗುಳಿ ಒಂದೊಂದು ಥರ ಹೆಪ್ಪುಗಟ್ಟುತ್ತದೆ. ಫ್ರೀಜರಿನ ಬಾಗಿಲು ಯಾರೋ ತೆಗೆದರೆ ಅದೂ ಸೇರಿಕೊಳ್ಳುತ್ತದೆ.

ಇಲ್ಲಿ ರಂಧ್ರ ಮಾಡುವುದು ನೀವಲ್ಲ, ಐಸ್ ಹರಳು. ಹರಳು ಇದ್ದ ಜಾಗವೇ ಆಮೇಲೆ ರಂಧ್ರ. ಬೇಗ ಹೆಪ್ಪುಗಟ್ಟಿಸಿದರೆ ಒಟ್ಟಿಗೆ ಬಹಳ ಹರಳು ಹುಟ್ಟುತ್ತವೆ, ಯಾವುದೂ ದೊಡ್ಡದಾಗುವುದಿಲ್ಲ. ನಿಧಾನ ಮಾಡಿದರೆ ಕೆಲವೇ ಹುಟ್ಟಿ ದಪ್ಪ ಬೆಳೆಯುತ್ತವೆ. ನಿಮ್ಮ ಗುಳಿಯ ಅಂಚು ಬೇಗ ತಣ್ಣಗಾಗುತ್ತದೆ, ನಡು ನಿಧಾನ. ಎಸ್‌ಇಎಮ್‌ನಲ್ಲಿ ಕಂಡದ್ದು ಅದೇ.

ಕೊಲಾಜೆನ್ ಸ್ಪಂಜಿನ ಮೇಲೆ ಓಬ್ರಿಯನ್, ಹಾರ್ಲಿ, ಗಿಬ್ಸನ್ ಮುಂತಾದವರು 2004–05ರಲ್ಲಿ ಮಾಡಿದ ಕೆಲಸ ಓದಿ. ಫ್ರೀಜ್ ಡ್ರೈಯರಿನ ತಟ್ಟೆಯ ಮೇಲೆಯೇ ಲೋಹದ ಅಚ್ಚು ಇಟ್ಟು, ನಿಮಿಷಕ್ಕೆ ಸುಮಾರು 0.9 ಡಿಗ್ರಿಯಂತೆ ಇಳಿಸಿದರು. ರಂಧ್ರಗಳು ಎಲ್ಲ ಕಡೆ ಒಂದೇ ಥರ ಬಂದವು. ಕೊನೆಯ ತಾಪ ಮೈನಸ್ 40 ಆದಾಗ ರಂಧ್ರ ಸುಮಾರು 96 ಮೈಕ್ರಾನ್, ಮೈನಸ್ 10 ಆದಾಗ ಸುಮಾರು 151. ಹೆಪ್ಪುಗಟ್ಟಿದ ಮೇಲೆ ಸ್ವಲ್ಪ ಬೆಚ್ಚಗಿನ ತಾಪದಲ್ಲಿ ಹಿಡಿದು ನಿಲ್ಲಿಸಿದರೆ ಸಣ್ಣ ಹರಳು ಕರಗಿ ದೊಡ್ಡದಕ್ಕೆ ಸೇರುತ್ತದೆ. ಡಬ್ಲಿನ್‌ನ ಗುಂಪು ಅದೇ ಉಪಾಯದಿಂದ 325 ಮೈಕ್ರಾನ್‌ವರೆಗೆ ಮುಟ್ಟಿಸಿತು, 2010ರಲ್ಲಿ. ಹಾಗಾಗಿ ನಿಮ್ಮ ಗೈಡ್ ಕೇಳುತ್ತಿರುವುದು ಆಗದ ಕೆಲಸವೇನೂ ಅಲ್ಲ.

ಮೇಲಿನ ಪದರಕ್ಕೆ ಮದ್ದಿಲ್ಲ. ಬ್ಲೇಡ್ ತಗೊಂಡು ಕತ್ತರಿಸಿ ಬಿಸಾಕಿ. ಎಲ್ಲರೂ ಮಾಡುವುದು ಅದನ್ನೇ, ಪೇಪರಿನಲ್ಲಿ ಬರೆಯುವುದಿಲ್ಲ ಅಷ್ಟೇ.

@ಉಪ್ಪಿನಕಾಯಿ_ಪಾಲಿಮರ್

ಉಪ್ಪಿನ ವಿಧಾನದ ಬಗ್ಗೆ ಕೇಳಿದ್ದೀರಿ. ನಾನು ಪಿಸಿಎಲ್ ಮತ್ತು ಪಿಎಲ್‌ಜಿಎ (ಎರಡೂ ಮೈಯೊಳಗೆ ಮೆಲ್ಲಗೆ ಕರಗುವ ಪ್ಲಾಸ್ಟಿಕ್) ಜೊತೆ ಇದನ್ನೇ ಮಾಡುವವನು. ರಂಧ್ರದ ಅಳತೆ ನಿಮ್ಮ ಕೈಯಲ್ಲೇ ಇರುತ್ತದೆ. ಜರಡಿಯಲ್ಲಿ 250ರಿಂದ 425 ಮೈಕ್ರಾನಿನ ಉಪ್ಪು ಆರಿಸಿದರೆ ರಂಧ್ರವೂ ಅಷ್ಟೇ.

ಆದರೆ ಉಪ್ಪಿನ ಕಾಳು ಕಾಳಿಗೆ ತಾಗಬೇಕು. ತೂಕದಲ್ಲಿ ಒಂದು ಪಾಲು ಪಾಲಿಮರಿಗೆ ಒಂಬತ್ತು ಪಾಲು ಉಪ್ಪು ಹಾಕುವುದು ಅದಕ್ಕೇ. ಕಡಿಮೆ ಹಾಕಿದರೆ ಕಾಳುಗಳು ಪಾಲಿಮರ್ ಒಳಗೆ ಒಂಟಿಯಾಗಿ ಸಿಕ್ಕಿಕೊಳ್ಳುತ್ತವೆ, ಎಷ್ಟು ತೊಳೆದರೂ ಬರುವುದಿಲ್ಲ. ಉಪ್ಪನ್ನು ಮೊದಲು ತೇವದ ಡಬ್ಬಿಯಲ್ಲಿಟ್ಟು ಕಾಳುಗಳು ಒಂದಕ್ಕೊಂದು ಅಂಟುವಂತೆ ಮಾಡಿ ಆಮೇಲೆ ಪಾಲಿಮರ್ ಸುರಿದರೆ ನಡುವಿನ ಕಿಂಡಿಗಳು ಚೆನ್ನಾಗಿ ತೆರೆಯುತ್ತವೆ.

ಉಪ್ಪು ಪೂರ್ತಿ ಹೋಯಿತಾ ಅಂತ ನೋಡಲು ತೊಳೆದ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಹಾಲಿನಂತೆ ಬೆಳ್ಳಗಾದರೆ ಇನ್ನೂ ಇದೆ. ಆ ನೀರು ಡಿಸ್ಟಿಲ್ಡ್ ಆಗಿರಬೇಕು. ನಲ್ಲಿ ನೀರಾದರೆ ಯಾವಾಗಲೂ ಬೆಳ್ಳಗೇ!

ತೊಂದರೆ ಏನಪ್ಪಾ ಅಂದರೆ ಪಾಲಿಮರ್ ಕರಗಿಸುವ ದ್ರಾವಕ. ಕ್ಲೋರೋಫಾರ್ಮ್ ಉಳಿಕೆಗೆ ಔಷಧ ಮಟ್ಟದಲ್ಲಿ 60 ಪಿಪಿಎಂ ಮಿತಿ, ಡೈಕ್ಲೋರೋಮೀಥೇನ್‌ಗೆ 600. ದಪ್ಪ ಬಿಲ್ಲೆಯ ನಡುವಿನಿಂದ ಅದನ್ನು ಓಡಿಸುವುದು ತಲೆನೋವು. ಕೆಲವು ಮಿಲಿಮೀಟರಿಗಿಂತ ದಪ್ಪ ಮಾಡಲು ಹೋದರೆ ಉಪ್ಪೂ ಸಿಕ್ಕಿಕೊಳ್ಳುತ್ತದೆ. ಮತ್ತೆ, ನಿಮ್ಮ ಕೈಟೋಸಾನ್–ಜೆಲಾಟಿನ್ ನೀರಲ್ಲಿ ಕರಗುವ ಜೋಡಿ. ಉಪ್ಪೂ ನೀರಲ್ಲೇ ಕರಗುತ್ತದೆ. ಹಾಗಾಗಿ ನಿಮಗೆ ಇದು ನೇರವಾಗಿ ಒಗ್ಗುವುದಿಲ್ಲ.

@ರೇಷ್ಮೆಗೂಡು

ರೇಷ್ಮೆಗೆ ಒಗ್ಗುತ್ತದೆ! ಇಲ್ಲಿ ಯಾರೂ ಅದರ ಹೆಸರೇ ಎತ್ತಲಿಲ್ಲವಲ್ಲ. ದೇಶದಲ್ಲಿ ಜಾಸ್ತಿ ಹಿಪ್ಪುನೇರಳೆ ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ರಾಮನಗರ, ಶಿಡ್ಲಘಟ್ಟ ಮಾರುಕಟ್ಟೆಗಳು ಬೆಂಗಳೂರಿನ ಲ್ಯಾಬುಗಳಿಗೆ ಬೆಳಗಿನ ಬಸ್ಸಿನ ದೂರ. ಅಲ್ಲಿಂದ ಒಳ್ಳೆ ಗೂಡೇ ತರಬೇಕಂತಿಲ್ಲ. ಚಿಟ್ಟೆ ತೂತು ಮಾಡಿ ಹೊರಗೆ ಬಂದ ಗೂಡು ನೂಲು ಬಿಚ್ಚಲು ಆಗುವುದಿಲ್ಲ, ಆದರೆ ನಮಗೆ ಬೇಕಾದ ರೇಷ್ಮೆ ಎಳೆಯ ಪ್ರೋಟೀನ್, ಫೈಬ್ರೋಯಿನ್, ಅದರಲ್ಲೂ ಅಷ್ಟೇ ಇದೆ.

ವಿಧಾನ ಹೇಳುತ್ತೇನೆ. ಗೂಡು ಕತ್ತರಿಸಿ, ಹುಳದ ಪೊರೆ ತೆಗೆದು, 0.02 ಮೋಲಾರ್ ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅರ್ಧ ಗಂಟೆ ಕುದಿಸಿ. ಅಂಟು, ಅಂದರೆ ಸೆರಿಸಿನ್, ಬಿಟ್ಟುಹೋಗುತ್ತದೆ. ತೂಕ ಕಾಲುಭಾಗಕ್ಕೂ ಸ್ವಲ್ಪ ಜಾಸ್ತಿ ಇಳಿಯಬೇಕು. ಇಳಿಯದಿದ್ದರೆ ಅಂಟು ಉಳಿದಿದೆ ಅಂತ ಲೆಕ್ಕ. ಅದನ್ನು ಬಿಡಬೇಡಿ. ಹಳೆಯ ರೇಷ್ಮೆ ಹೊಲಿಗೆ ದಾರದಲ್ಲಿ ಅಲರ್ಜಿಗೆ ದೂರು ಬಂದದ್ದು ಈ ಅಂಟಿನ ಮೇಲೆಯೇ. ಹಾಗಂತ ಗಂಟೆಗಟ್ಟಲೆ ಕುದಿಸಿದರೆ ಪ್ರೋಟೀನ್ ಸರಪಳಿ ತುಂಡಾಗಿ ಸ್ಕ್ಯಾಫೋಲ್ಡ್ ಮೆತ್ತಗಾಗುತ್ತದೆ.

ಒಣಗಿಸಿದ ಎಳೆಯನ್ನು 9.3 ಮೋಲಾರ್ ಲಿಥಿಯಂ ಬ್ರೋಮೈಡ್‌ನಲ್ಲಿ 60 ಡಿಗ್ರಿಗೆ ನಾಲ್ಕು ಗಂಟೆ ಇಡಿ. ಜೇನಿನ ಬಣ್ಣದ ಮಂದ ದ್ರವ ಆಗುತ್ತದೆ. ಎರಡು ದಿನ ಡಯಾಲಿಸಿಸ್, ಅಂದರೆ ಸಣ್ಣ ರಂಧ್ರದ ಚೀಲದಲ್ಲಿ ತುಂಬಿ ನೀರಲ್ಲಿಟ್ಟು ಲಿಥಿಯಂ ಬ್ರೋಮೈಡ್ ಹೊರಹಾಕುವುದು. ಕೊನೆಗೆ ಶೇ. 6ರಿಂದ 8ರ ನೀರಿನ ದ್ರಾವಣ ಸಿಗುತ್ತದೆ. ಅದರ ಮೇಲೆ ದಪ್ಪ ಉಪ್ಪಿನ ಕಾಳನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ ಒಂದು ದಿನ ಬಿಡಿ. ಉಪ್ಪೇ ಪ್ರೋಟೀನನ್ನು ಬೀಟಾ ಶೀಟ್ ಅನ್ನುವ ಒತ್ತೊತ್ತಾದ ಮಡಿಕೆಯ ರೂಪಕ್ಕೆ ತಿರುಗಿಸಿ ಗಟ್ಟಿ ಮಾಡುತ್ತದೆ. ಆಮೇಲೆ ನೀರಲ್ಲಿ ಹಾಕಿದರೆ ಉಪ್ಪು ಹೋಗುತ್ತದೆ, ರೇಷ್ಮೆ ನಿಲ್ಲುತ್ತದೆ. ಕ್ಲೋರೋಫಾರ್ಮ್ ಇಲ್ಲ, ಕ್ರಾಸ್‌ಲಿಂಕರ್ ಇಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಕಪ್ಲಾನ್ ಗುಂಪು ಇದನ್ನು 2005ರ ಹೊತ್ತಿಗೇ ಮಾಡಿ ತೋರಿಸಿದೆ, 2011ರಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿದೆ.

ಡಯಾಲಿಸಿಸ್ ಆದ ದ್ರಾವಣವನ್ನು ಜೋರಾಗಿ ಅಲ್ಲಾಡಿಸಬೇಡಿ. ಬಾಟಲಿಯಲ್ಲೇ ಹೆಪ್ಪಾಗುತ್ತದೆ.

@ಅರ್ಧಕಪ್ಕಾಫಿ

ಲಿಥಿಯಂ ಬ್ರೋಮೈಡ್ ಬೆಲೆ ಹೇಳಲಿಲ್ಲ ನೀವು 😄

@ರೇಷ್ಮೆಗೂಡು

ಬೇಕಂತಲೇ ಹೇಳಲಿಲ್ಲ. ಗೂಡು ಅಗ್ಗ, ಅದನ್ನು ಕರಗಿಸುವುದೇ ದುಬಾರಿ. ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರಿನ ಮಿಶ್ರಣದಲ್ಲೂ ಕರಗುತ್ತದೆ. ಅದು ಅಗ್ಗ, ಆದರೆ ಸರಪಳಿ ಸ್ವಲ್ಪ ಜಾಸ್ತಿ ತುಂಡಾಗುತ್ತದೆ.

@ತೂತುಶಾಸ್ತ್ರ

ಎಲ್ಲರೂ ರಂಧ್ರದ ಅಳತೆಯ ಹಿಂದೆ ಓಡುತ್ತಿದ್ದೀರಿ. 300 ಎಲ್ಲಿಂದ ಬಂತು ಅಂತ ನೋಡೋಣ. 1970ರಲ್ಲಿ ಹಲ್ಬರ್ಟ್ ತಂಡ ಸೆರಾಮಿಕ್ ಬಿಲ್ಲೆಗಳನ್ನು ನಾಯಿಯ ತೊಡೆಮೂಳೆಯಲ್ಲಿಟ್ಟು ನೋಡಿ, ಕನಿಷ್ಠ 100 ಮೈಕ್ರಾನ್ ಅಂದಿತು. 2005ರಲ್ಲಿ ಕರಗೊರ್ಗಿಯು ಮತ್ತು ಕಪ್ಲಾನ್ ಎಲ್ಲ ಅಧ್ಯಯನ ಒಟ್ಟು ಹಾಕಿ, 300ಕ್ಕಿಂತ ಮೇಲಾದರೆ ರಕ್ತನಾಳ ಸಲೀಸಾಗಿ ಬರುತ್ತದೆ, ಮೂಳೆ ನೇರವಾಗಿ ಕಟ್ಟುತ್ತದೆ ಅಂತ ಬರೆದರು. ಅಲ್ಲಿಂದ ಆ ಅಂಕಿ ಎಲ್ಲರ ಸಿನಾಪ್ಸಿಸ್‌ಗೂ ಬಂದು ಕೂತಿದೆ.

ಆದರೆ ದೊಡ್ಡ ಕೋಣೆ ಇದ್ದು ಬಾಗಿಲೇ ಇಲ್ಲದಿದ್ದರೆ ಏನು ಲಾಭ? ಥರ್ಮಾಕೋಲಿನಲ್ಲೂ ತುಂಬಾ ತೂತಿದೆ, ನೀರು ಒಂದು ಹನಿಯೂ ಒಳಗೆ ಹೋಗುವುದಿಲ್ಲ. ರಕ್ತನಾಳದಿಂದ 100–200 ಮೈಕ್ರಾನಿಗಿಂತ ದೂರ ಕೂತ ಕೋಶಕ್ಕೆ ಆಮ್ಲಜನಕ ಸಾಲುವುದಿಲ್ಲ. ಹಾಗಾಗಿ ರಂಧ್ರದಿಂದ ರಂಧ್ರಕ್ಕೆ ಇರುವ ಕಿಂಡಿ ಎಷ್ಟು ದೊಡ್ಡದು ಅನ್ನುವುದನ್ನೇ ಮೊದಲು ನೋಡಬೇಕು.

ನಾನು ಮಾಡುವ ಮೊದಲ ಪರೀಕ್ಷೆಗೆ ಯಂತ್ರ ಬೇಡ. ತಟ್ಟೆಯಲ್ಲಿ ಸ್ವಲ್ಪ ಬಣ್ಣದ ನೀರು ಹಾಕಿ. ಒಣ ಸ್ಕ್ಯಾಫೋಲ್ಡನ್ನು ಅದರ ಮೇಲೆ ನಿಲ್ಲಿಸಿ, ತಳ ಮಾತ್ರ ತಾಗಬೇಕು. ಬಣ್ಣ ಮೇಲೆ ಬಂದ ಮೇಲೆ ಎತ್ತಿ ಉದ್ದಕ್ಕೆ ಸೀಳಿ. ನಡುವೆ ಬಿಳಿ ಮಚ್ಚೆ ಉಳಿದಿದ್ದರೆ ಅಲ್ಲಿಗೆ ದಾರಿ ಇಲ್ಲ. ಪುಟ್ಟ ಅವರ ಮೇಲಿನ ಪದರವೂ ಇಲ್ಲೇ ಸಿಕ್ಕಿಬೀಳುತ್ತದೆ, ಬಣ್ಣ ಅದರ ಕೆಳಗೇ ನಿಂತುಬಿಡುತ್ತದೆ.

ಎಸ್‌ಇಎಮ್‌ಗೆ ಕೊಡುವಾಗ ಬ್ಲೇಡಿನಿಂದ ಕೊಯ್ಯಬೇಡಿ, ಗೋಡೆಗಳು ಒರೆಸಿಹೋಗಿ ತೂತು ಮುಚ್ಚುತ್ತವೆ. ದ್ರವ ಸಾರಜನಕದಲ್ಲಿ ಅದ್ದಿ ಮುರಿಯಿರಿ. ಮತ್ತೆ, ಅದು ಒಣ ಸ್ಥಿತಿಯ ಚಿತ್ರ. ನೆನೆದಾಗ ಜೆಲಾಟಿನ್ ಗೋಡೆ ಉಬ್ಬಿ ಕಿಂಡಿ ಕಿರಿದಾಗುತ್ತದೆ. ಕೋಶ ನೋಡುವುದು ಆ ನೆನೆದ ರಂಧ್ರವನ್ನು.

@ಉಪ್ಪಿನಕಾಯಿ_ಪಾಲಿಮರ್

ಬಣ್ಣದ ನೀರಿನ ಪರೀಕ್ಷೆ ಪಿಸಿಎಲ್‌ಗೆ ಸುಳ್ಳು ಹೇಳುತ್ತದೆ. ಅದಕ್ಕೆ ನೀರು ಅಂಟುವುದೇ ಇಲ್ಲ. ದಾರಿ ತೆರೆದಿದ್ದರೂ ಒಳಗೆ ಹೋಗಲ್ಲ. ಮೊದಲು ಎಥನಾಲ್‌ನಲ್ಲಿ ನೆನೆಸಿಕೊಳ್ಳಬೇಕು.

@ತೂತುಶಾಸ್ತ್ರ

ಒಪ್ಪಿದೆ.

@ಪದರಪದರ

ಇಷ್ಟೆಲ್ಲ ಕಷ್ಟ ಯಾಕೆ? ಪ್ರಿಂಟ್ ಮಾಡಿ. ಪಿಸಿಎಲ್ 60 ಡಿಗ್ರಿಗೆ ಕರಗುತ್ತದೆ, ಎಳೆ ಎಳೆಯಾಗಿ ಅಡ್ಡ–ಉದ್ದ ಹಾಕುತ್ತಾ ಹೋದರೆ ರಂಧ್ರ ಪೂರ್ತಿ ತೆರೆದೇ ಇರುತ್ತದೆ. ಎಷ್ಟು ಮೈಕ್ರಾನ್ ಬೇಕೋ ಅಷ್ಟು. ಸಿಂಗಾಪುರದ ಆಸ್ಟಿಯೋಪೋರ್ ಇದೇ ಪಿಸಿಎಲ್ ಜಾಲರಿಯನ್ನು ಪ್ರಿಂಟ್ ಮಾಡಿ, ತಲೆಬುರುಡೆಯ ತೂತು ಮುಚ್ಚುವ ಬಿರಡೆಯಾಗಿ ಮಾರುತ್ತಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ 2006ರಲ್ಲೇ ಸಿಕ್ಕಿತ್ತು.

@ಅರ್ಧಕಪ್ಕಾಫಿ

ಪ್ರಿಂಟ್ ಮಾಡಿದ ಜಾಲರಿಗೆ ಕೋಶ ಹಾಕಿ ನೋಡಿದ್ದೀರಾ? ಅರ್ಧಕ್ಕರ್ಧ ನೇರವಾಗಿ ತಳಕ್ಕೆ ಬಿದ್ದು ಪ್ಲೇಟಿಗೆ ಅಂಟಿಕೊಂಡಿರುತ್ತವೆ. ರಂಧ್ರ ಅಷ್ಟು ನೆಟ್ಟಗೆ, ಎಳೆ ಅಷ್ಟು ನುಣ್ಣಗೆ. ಜೊತೆಗೆ ಪಿಸಿಎಲ್ ಕರಗಲು ಎರಡು ಮೂರು ವರ್ಷ ಬೇಕು. ಬುರುಡೆಗೆ ಸರಿ. ಎಲ್ಲ ಕಡೆಗೂ ಅಲ್ಲ.

@ಪದರಪದರ

ಅದಕ್ಕೇ ಜಾಲರಿ ಪ್ರಿಂಟ್ ಮಾಡಿ, ಒಳಗೆ ಜೆಲಾಟಿನ್ ಸುರಿದು ಫ್ರೀಜ್ ಡ್ರೈ ಮಾಡುತ್ತಾರೆ. ಭಾರ ಹೊರುವುದು ಜಾಲರಿ, ಕೋಶ ಹಿಡಿಯುವುದು ಒಳಗಿನ ಸ್ಪಂಜು. ಇಬ್ಬರ ಕೆಲಸವೂ ಉಳಿಯಿತು, ಅಲ್ವಾ?

@ಎಲುಬುಡಾಕ್ಟ್ರು

ಮೂಳೆ ಶಸ್ತ್ರಚಿಕಿತ್ಸಕನಾಗಿ ಎರಡು ಮಾತು. ನಿಮ್ಮ ಪೇಪರುಗಳಲ್ಲಿ 'ಮೂಳೆಯಷ್ಟೇ ಗಟ್ಟಿ' ಅನ್ನುವ ಹಂಬಲ ಕಾಣುತ್ತದೆ. ನಮಗೆ ಅದು ಯಾವಾಗಲೂ ಬೇಕಿಲ್ಲ. ಭಾರ ಹೊರಲು ಪ್ಲೇಟು, ರಾಡು ಹಾಕಿರುತ್ತೇವೆ. ಗಡ್ಡೆ ಕೆರೆದು ತೆಗೆದ ಗುಳಿ, ಮೊಣಕಾಲಿನ ಹತ್ತಿರ ಕುಸಿದ ಮೂಳೆಯನ್ನು ಎತ್ತಿದಾಗ ಕೆಳಗೆ ಉಳಿಯುವ ಟೊಳ್ಳು, ಇವಕ್ಕೆ ತುಂಬಲು ಏನಾದರೂ ಬೇಕು. ಈಗ ಸೊಂಟದ ಮೂಳೆಯಿಂದ ತೆಗೆದು ತುಂಬುತ್ತೇವೆ. ಅದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ. ಆದರೆ ಕಾಲಿನ ನೋವಿಗಿಂತ ಸೊಂಟದ ನೋವಿನ ಬಗ್ಗೆಯೇ ಜಾಸ್ತಿ ದೂರು ಹೇಳುವ ರೋಗಿಗಳು ಇದ್ದಾರೆ.

ನಮಗೆ ಬೇಕಾದ್ದು ಇಷ್ಟು. ಟೇಬಲ್ ಮೇಲೆ ಕತ್ತರಿಯಿಂದ ಕತ್ತರಿಸಿದರೆ ಪುಡಿ ಆಗಬಾರದು. ರಕ್ತ ಹೀರಿದ ಮೇಲೆ ಚಿಮಟದಲ್ಲಿ ಹಿಡಿದರೆ ಹರಿಯಬಾರದು. ಎಕ್ಸ್‌ರೇಯಲ್ಲಿ ಕಾಣಬೇಕು. ಬರೀ ಪಾಲಿಮರ್ ಕಾಣುವುದೇ ಇಲ್ಲ, ಇಟ್ಟದ್ದು ಅಲ್ಲೇ ಇದೆಯಾ ಅಂತ ಹೇಗೆ ತಿಳಿಯಬೇಕು?

ಬೆಳವಣಿಗೆಯ ಪ್ರೋಟೀನ್ ತುಂಬುವ ಆಸೆ ಇದ್ದರೆ ಒಂದು ಎಚ್ಚರಿಕೆ. ಕೊಲಾಜೆನ್ ಸ್ಪಂಜಿನಲ್ಲಿ ಮೂಳೆ ಬೆಳೆಸುವ ಪ್ರೋಟೀನ್ ಬಿಎಂಪಿ-2 ನೆನೆಸಿಡುವ ಉತ್ಪನ್ನಕ್ಕೆ 2002ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, ಸೊಂಟದ ಬೆನ್ನುಮೂಳೆಗೆ. ಜನ ಅದನ್ನು ಕತ್ತಿನ ಬೆನ್ನುಮೂಳೆಗೂ ಬಳಸಿದರು. ಕತ್ತು ಊದಿ ಉಸಿರಾಟಕ್ಕೇ ಕಷ್ಟವಾದ ಪ್ರಕರಣಗಳು ಬಂದು 2008ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಡಬೇಕಾಯಿತು. ಸ್ಪಂಜು ಔಷಧವನ್ನು ಎಷ್ಟು ಬೇಗ ಬಿಡುತ್ತದೆ ಅನ್ನುವುದನ್ನು ಹಗುರವಾಗಿ ತಗೊಳ್ಳಬೇಡಿ.

@ಹೊಸಬ_27

ಸರ್, ನಮ್ಮ ತಂದೆಯ ಕಾಲಿನ ಮೂಳೆ ಕೂಡಿಕೊಳ್ಳುತ್ತಿಲ್ಲ. ಇಲ್ಲಿ ಹೇಳುತ್ತಿರುವುದನ್ನು ಹಾಕಿಸಬಹುದಾ?

@ಎಲುಬುಡಾಕ್ಟ್ರು

ಇಲ್ಲಿ ಹೇಳುತ್ತಿರುವುದೆಲ್ಲ ಲ್ಯಾಬಿನ ಹಂತದ ಮಾತು. ಮೂಳೆ ಕೂಡದಿರಲು ಸೋಂಕು, ಸಕ್ಕರೆ ಕಾಯಿಲೆ, ಸಿಗರೇಟು, ಸಡಿಲ ಪ್ಲೇಟು ಹೀಗೆ ಕಾರಣ ಹಲವು. ನಿಮ್ಮ ವೈದ್ಯರ ಹತ್ತಿರ ಮೊದಲು ಸೋಂಕು ಇದೆಯಾ ಅಂತ ಕೇಳಿ. ಇಲ್ಲಿಂದ ಸಲಹೆ ಕೊಡುವುದು ಸರಿಯಲ್ಲ.

@ಲೋಳೆಪುಟ್ಟ

ಗಟ್ಟಿತನದ ಮಾತು ಬಂದಿದ್ದರಿಂದ ಕೇಳುತ್ತೇನೆ. ನನ್ನದು ಕಿಲೋಪಾಸ್ಕಲ್ ಲೆಕ್ಕದಲ್ಲಿ ಬರುತ್ತಿದೆ. ಸೆಮಿನಾರಿನಲ್ಲಿ ಒಬ್ಬರು 'ಇದು ಮೂಳೆಗಾ, ದಿಂಬಿಗಾ' ಅಂದರು.

@ತೂತುಶಾಸ್ತ್ರ

ಅವರಿಗೆ ಈ ಲೆಕ್ಕ ತೋರಿಸಿ. ತೆರೆದ ರಂಧ್ರದ ನೊರೆಯಲ್ಲಿ ಗಡಸುತನ ಇಳಿಯುವುದು ಸಾಂದ್ರತೆಯ ವರ್ಗದಂತೆ. ಇದು ಗಿಬ್ಸನ್–ಆಶ್ಬಿ ಸೂತ್ರ. ಶೇ. 90 ಖಾಲಿ ಅಂದರೆ ವಸ್ತು ಉಳಿದದ್ದು ಹತ್ತನೇ ಒಂದು ಪಾಲು, ಗಡಸುತನ ನೂರನೇ ಒಂದು ಪಾಲು. ಶೇ. 80 ಖಾಲಿ ಮಾಡಿದರೆ ನೂರಕ್ಕೆ ನಾಲ್ಕು. ರಂಧ್ರ ಸ್ವಲ್ಪ ಬಿಟ್ಟುಕೊಟ್ಟರೆ ಗಡಸುತನ ನಾಲ್ಕು ಪಟ್ಟು. ಇನ್ನು ಹೊರಮೂಳೆಯ ಒತ್ತಡ ತಾಳಿಕೆ 100 ಮೆಗಾಪಾಸ್ಕಲ್‌ಗೂ ಮೇಲೆ, ಒಳಗಿನ ಜಾಳುಮೂಳೆಯದು 2ರಿಂದ 12. ಹೋಲಿಸುವುದಾದರೆ ಜಾಳುಮೂಳೆಗೆ ಹೋಲಿಸಿ, ಅದೂ 37 ಡಿಗ್ರಿಯಲ್ಲಿ ನೆನೆಸಿ ಅಳೆದ ಅಂಕಿಯನ್ನು. ಒಣಗಿದ್ದಾಗ ಎಲ್ಲವೂ ಗಟ್ಟಿಯೇ.

@ಶೀತಗಾಳಿ

ಎಕ್ಸ್‌ರೇಗೂ ಬಲಕ್ಕೂ ಒಂದೇ ಮದ್ದು, ಮೂಳೆಯಲ್ಲಿರುವಂಥ ಕ್ಯಾಲ್ಸಿಯಂ ಖನಿಜ ಹೈಡ್ರಾಕ್ಸಿಅಪಟೈಟ್. ಆದರೆ ಅದರ ಸಾಂದ್ರತೆ ನೀರಿನ ಸುಮಾರು 3.16 ಪಟ್ಟು. ನಾನೇ ಮೇಲೆ ಹೇಳಿದ ಹಾಗೆ ನಿಧಾನ ಹೆಪ್ಪುಗಟ್ಟಿಸಿದರೆ ಪುಡಿ ತಳಕ್ಕೆ ಇಳಿಯುತ್ತದೆ. ಕೆಳಗೆ ಸೀಮೆಸುಣ್ಣ, ಮೇಲೆ ಬರೀ ಜೆಲಾಟಿನ್. ಮೇಲಿನ, ಕೆಳಗಿನ ತುಂಡು ಬೇರೆ ಬೇರೆ ಸುಟ್ಟು ಬೂದಿ ತೂಗಿದರೆ ಗೊತ್ತಾಗುತ್ತದೆ.

ಪುಡಿ ಬೆರೆಸುವ ಬದಲು ದ್ರಾವಣದ ಒಳಗೇ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿಸಿ ಅಲ್ಲೇ ಹುಟ್ಟಿಸಿದರೆ ಕಣಗಳು ಸಣ್ಣಗಿರುತ್ತವೆ, ಬೇಗ ಇಳಿಯುವುದಿಲ್ಲ. ಇಲ್ಲವಾದರೆ ಜೆಲಾಟಿನ್ ಜೆಲ್ ಆಗಲು ಬಿಟ್ಟು ಆಮೇಲೆ ಹೆಪ್ಪುಗಟ್ಟಿಸಿ.

@ಕ್ಯೂಎ_ಮಾವ

ಮೇಲಿಂದ ಕೆಳಗೆ ಎಲ್ಲ ಓದಿದೆ. ಒಬ್ಬರೂ ಸ್ಟೆರಿಲೈಸ್ ಹೇಗೆ ಅಂತ ಕೇಳಲಿಲ್ಲ. ಇದು ನನ್ನ ಹೊಟ್ಟೆಪಾಡು, ಹಾಗಾಗಿ ಬರೆಯುತ್ತೇನೆ.

ಆಟೋಕ್ಲೇವ್ 121 ಡಿಗ್ರಿ. ಪಿಸಿಎಲ್ ಕರಗಿ ಬಿಲ್ಲೆ ಆಗುತ್ತದೆ, ಪಿಎಲ್‌ಎ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಸರಪಳಿ ಆ ಹಬೆಗೆ ತುಂಡಾಗುತ್ತದೆ. ಶೇ. 70ರ ಎಥನಾಲ್ ಕೋಶದ ಪ್ರಯೋಗಕ್ಕೆ ಸಾಕು, ಆದರೆ ಬೀಜಾಣುಗಳನ್ನು ಕೊಲ್ಲುವುದಿಲ್ಲ, ಇಂಪ್ಲಾಂಟಿಗೆ ನಡೆಯಲ್ಲ. ಗಾಮಾ ಕಿರಣ, ಸಾಮಾನ್ಯವಾಗಿ 25 ಕಿಲೋಗ್ರೇ, ಪಿಎಲ್‌ಜಿಎ ಸರಪಳಿಯನ್ನೂ ಕೈಟೋಸಾನ್ ಸರಪಳಿಯನ್ನೂ ಕಡಿಯುತ್ತದೆ. ಎಥಿಲೀನ್ ಆಕ್ಸೈಡ್ ಪರವಾಗಿಲ್ಲ. ಆದರೆ ರಂಧ್ರ ಜಾಸ್ತಿ ಇದ್ದಷ್ಟೂ ಅನಿಲ ಒಳಗೆ ಉಳಿಯುತ್ತದೆ, ಗಾಳಿಗೆ ಬಿಟ್ಟು ಹೊರಹಾಕಬೇಕು, ಉಳಿಕೆ ಅಳೆಯಬೇಕು. ಅಲ್ಲಿಯ ತೇವ, ಬಿಸಿಗೆ ಜೆಲಾಟಿನ್ ಕುಗ್ಗುವುದೂ ಉಂಟು. ಆಟೋಕ್ಲೇವ್ ತಾಳುವುದರಲ್ಲಿ ರೇಷ್ಮೆ ಇವರಲ್ಲಿ ಗಟ್ಟಿ, ಆ ವಿಷಯದಲ್ಲಿ @ರೇಷ್ಮೆಗೂಡು ಅವರ ಕಡೆಗೆ ನನ್ನ ಮತ.

ಹಾಗಾಗಿ ಬಲ, ರಂಧ್ರ, ಕರಗುವ ವೇಗ ಎಲ್ಲವನ್ನೂ ಸ್ಟೆರಿಲೈಸ್ ಆದ ಮೇಲೆ ಅಳೆಯಿರಿ. ಅದಕ್ಕೆ ಮೊದಲು ಅಳೆದದ್ದು ರೋಗಿಗೆ ಸಿಗದ ವಸ್ತುವಿನ ಅಂಕಿ.

ಮತ್ತೆ ಎಂಡೋಟಾಕ್ಸಿನ್. ಕೈಟೋಸಾನ್ ಸಿಗಡಿ ಚಿಪ್ಪಿನಿಂದ, ಜೆಲಾಟಿನ್ ಪ್ರಾಣಿಯಿಂದ ಬಂದದ್ದು. ಸತ್ತ ಬ್ಯಾಕ್ಟೀರಿಯಾದ ಗೋಡೆಯ ಚೂರು ಅದರಲ್ಲಿ ಇದ್ದೇ ಇರುತ್ತದೆ. ಸ್ಟೆರಿಲೈಸ್ ಮಾಡಿದರೆ ಹೋಗಲ್ಲ. ಎಫ್‌ಡಿಎ ಮಿತಿ ಒಂದು ಇಂಪ್ಲಾಂಟಿಗೆ 20 ಯೂನಿಟ್. ಲ್ಯಾಬಿನ ಬಾಟಲಿಯ ಕೈಟೋಸಾನ್‌ನಲ್ಲಿ ಶುರು ಮಾಡಿ ಕೊನೆಗೆ ಮೆಡಿಕಲ್ ಗ್ರೇಡಿಗೆ ಬದಲಿಸಿದರೆ ಡಿಅಸಿಟೈಲೇಶನ್ (ಅಸಿಟೈಲ್ ಗುಂಪು ಎಷ್ಟು ತೆಗೆದಿದೆ ಅನ್ನುವುದು) ಬೇರೆ, ಅಣುತೂಕ ಬೇರೆ, ನಿಮ್ಮ ಹೆಪ್ಪುಗಟ್ಟಿಸುವ ಲೆಕ್ಕವೆಲ್ಲ ಮತ್ತೆ ಮೊದಲಿಂದ. ಭಾರತದಲ್ಲಿ 2017ರ ವೈದ್ಯಕೀಯ ಸಾಧನ ನಿಯಮದಲ್ಲಿ ಎ ಇಂದ ಡಿ ವರೆಗೆ ವರ್ಗಗಳಿವೆ. ಮೈಯೊಳಗೇ ಕರಗುವ ಇಂಪ್ಲಾಂಟ್ ಅಪಾಯದ ಮೇಲಿನ ಸಾಲಿಗೇ ಬರುತ್ತದೆ.

@ಎಲುಬುಡಾಕ್ಟ್ರು

ಜೆಲಾಟಿನ್ ಹಸುವಿನದೋ ಹಂದಿಯದೋ ಅಂತಲೂ ಬರೆದಿಡಿ. ನಮ್ಮಲ್ಲಿ ರೋಗಿಗಳು ಕೇಳುತ್ತಾರೆ, ಕೇಳುವ ಹಕ್ಕು ಅವರಿಗಿದೆ. ಮೀನಿನ ಜೆಲಾಟಿನ್ ಇನ್ನೂ ಕಡಿಮೆ ತಾಪಕ್ಕೆ ಕರಗುತ್ತದೆ ಅಂತ ಕೇಳಿದ್ದೇನೆ, ನಿಜವಾ?

@ಅರ್ಧಕಪ್ಕಾಫಿ

ನಿಜ. ತಣ್ಣೀರಿನ ಮೀನಿನದು ಕೋಣೆಯ ತಾಪಕ್ಕೇ ದ್ರವ. ಕ್ರಾಸ್‌ಲಿಂಕ್ ಗಟ್ಟಿ ಮಾಡಿದರೆ ಬಳಸಬಹುದು.

@ಲೋಳೆಪುಟ್ಟ

ಎಲ್ಲರಿಗೂ ಥ್ಯಾಂಕ್ಸ್. ಈ ಮಧ್ಯೆ ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಅಚ್ಚು ಕೊರೆಸಿದೆ. ತಟ್ಟೆಯ ಮೇಲಿಟ್ಟು ನಿಧಾನ ಇಳಿಸಿ, ಕೆಲ ಗಂಟೆ ಮೈನಸ್ 10ರಲ್ಲಿ ಹಿಡಿದೆ. ಎಥನಾಲ್–ಸೋಡಾ ತೊಳೆತ, ಆಮೇಲೆ ಇಡಿಸಿ. ಪಿಬಿಎಸ್‌ನಲ್ಲಿ ವಾರ ಕಳೆದರೂ ಆಕಾರ ಹಾಗೇ ಇದೆ. ಬಣ್ಣದ ನೀರು ನಡುವಿನವರೆಗೂ ಬಂತು, ಮೇಲಿನ ಪದರ ಕತ್ತರಿಸಿದ ಮೇಲೆ. ರಂಧ್ರ ಸುಮಾರು 200. 300 ಆಗಿಲ್ಲ. ಗೈಡ್‌ಗೆ ಕಿಂಡಿಯ ಚಿತ್ರ ತೋರಿಸಿದೆ, 'ಸರಿ, ಇದನ್ನೇ ಮುಂದುವರಿಸು' ಅಂದರು.

ಈಗ ಹೈಡ್ರಾಕ್ಸಿಅಪಟೈಟ್ ಸೇರಿಸಬೇಕು. ಮೊದಲು ಅದನ್ನು ಮಾಡಲಾ, ಇಲ್ಲಾ ಇದನ್ನೇ ಎಥಿಲೀನ್ ಆಕ್ಸೈಡಿಗೆ ಕಳಿಸಿ ನೋಡಲಾ?

@ಕ್ಯೂಎ_ಮಾವ

ಮೊದಲು ಕಳಿಸಿ. ಕುಗ್ಗಿ ಬಂದರೆ ಹೈಡ್ರಾಕ್ಸಿಅಪಟೈಟ್ ಹಾಕುವ ಮೊದಲೇ ಇಡಿಸಿ ಪ್ರಮಾಣ ಬದಲಿಸಬೇಕಾಗುತ್ತದೆ. ಜೊತೆಗೆ ಕಳಿಸದ ಒಂದಿಷ್ಟು ತುಂಡು ಅದೇ ಬ್ಯಾಚಿನಿಂದ ಎತ್ತಿಡಿ, ಹೋಲಿಸಲು ಬೇಕು.

@ಶೀತಗಾಳಿ

ಅಚ್ಚಿನ ಅಳತೆ, ತಾಪ ಇಳಿಸಿದ ವೇಗ ಇಲ್ಲೇ ಹಾಕಿ. ನನಗೂ ಬೇಕು.